ಹಳೇದು ಮುಂದೆ, ಹೊಸದು ಹಿಂದೆ

ಅತ್ತಿಗೆ ಬ್ರೆಡ್ ಕಂಪನಿಗೆ ಸೇರಿದ ಮೇಲೆ ನಮ್ಮ ಮನೆಯಲ್ಲಿ ಇವತ್ತಿನ ಬ್ರೆಡ್ಡನ್ನು ಇವತ್ತು ತಿಂದವರು ಯಾರೂ ಇಲ್ಲ. ಬ್ರೆಡ್ಡಿಗೇನೂ ಬರ ಬಂದಿಲ್ಲ. ಆದರೆ ಅಡುಗೆಮನೆಯ ಕಪಾಟು ತೆಗೆದರೆ ಮುಂದೆ ನಿಂತಿರುವುದು ಯಾವಾಗಲೂ ಮೊನ್ನೆಯದು. ಅದರ ಹಿಂದೆ ನಿನ್ನೆಯದು. ಇವತ್ತಿನದು ಗೋಡೆಗೆ ಒರಗಿಕೊಂಡು ತನ್ನ ಸರದಿಗೆ ಕಾಯುತ್ತಿರುತ್ತದೆ. ಸರದಿ ಬರುವ ಹೊತ್ತಿಗೆ ಅದೂ ಮೊನ್ನೆಯದಾಗಿರುತ್ತದೆ. ಒಮ್ಮೆ ಅಣ್ಣ ಕಳ್ಳನ ಹಾಗೆ ಕೈ ಹಿಂದೆ ತೂರಿಸಿ ಹೊಸದನ್ನು ಎಳೆದುಕೊಂಡ. ಬಟ್ಟೆ ಒಗೆಯುತ್ತಿದ್ದ ಅತ್ತಿಗೆ ಬಚ್ಚಲಿನಿಂದ ಸೋಪಿನ ಕೈಯಲ್ಲೇ ಓಡಿ ಬಂದರು. ಪ್ಲಾಸ್ಟಿಕ್ಕಿನ ಸರಪರ ಸದ್ದಿನಿಂದಲೇ ಕೈ ಎಲ್ಲಿಗೆ ಹೋಯಿತೆಂದು ಅವರಿಗೆ ತಿಳಿಯುತ್ತದಂತೆ.

"ಹಳೇದು ಮುಂದೆ, ಹೊಸದು ಹಿಂದೆ. ಎಷ್ಟು ಸಲ ಹೇಳ್ಬೇಕು ನಿಮಗೆ?"

"ಇದು ಮನೆ ಕಣೇ, ಅಂಗಡಿ ಅಲ್ಲ," ಅಂದ ಅಣ್ಣ.

"ಬ್ರೆಡ್ಡಿಗೆ ಅದೆಲ್ಲಾ ಗೊತ್ತಾಗಲ್ಲ. ಇಡಿ ವಾಪಸ್ಸು."

ಇಟ್ಟ. ಕರೆಂಟಿನ ಕೆಲಸ ಮಾಡುವವನು ನಮ್ಮಣ್ಣ, ಕಂಬ ಹತ್ತಲು ಹೆದರದ ಆಸಾಮಿ, ಹೆಂಡತಿಯ ಕಪಾಟಿಗೆ ಮಾತ್ರ ಹೆದರುತ್ತಾನೆ.

ಅತ್ತಿಗೆಯ ಕೆಲಸಕ್ಕೆ ಮರ್ಚಂಡೈಸರ್ ಎಂದು ಹೆಸರು. ಕೇಳಿದರೆ ಹಡಗಿನಲ್ಲಿ ಸರಕು ತುಂಬಿಕೊಂಡು ದೇಶ ಸುತ್ತುವವರು ಅನ್ನಿಸಬೇಕು. ಕೆಲಸ ಇಷ್ಟೇ. ಕಂಪನಿಯ ವ್ಯಾನು ಅಂಗಡಿಯ ಬಾಗಿಲಿಗೆ ಬ್ರೆಡ್ಡಿನ ಕ್ರೇಟು ಇಳಿಸುತ್ತದೆ. ಅದನ್ನು ಒಳಗೆ ತಂದು ರ್‍ಯಾಕಿನಲ್ಲಿ ಜೋಡಿಸಬೇಕು. ಕಂಪನಿಯ ಹೆಸರು ಗಿರಾಕಿಯ ಮುಖ ನೋಡುವ ಹಾಗೆ ಪ್ರತಿ ಪೊಟ್ಟಣವನ್ನೂ ತಿರುಗಿಸಬೇಕು. ತಾರೀಕು ನೋಡಿ ಹಳೆಯದನ್ನು ಮುಂದಕ್ಕೆಳೆದು ಹೊಸದನ್ನು ಹಿಂದಕ್ಕೆ ತಳ್ಳಬೇಕು. ಪಕ್ಕದ ಕಂಪನಿಯ ಬ್ರೆಡ್ಡು ನಮ್ಮ ಜಾಗಕ್ಕೆ ಮೊಣಕೈ ಚಾಚಿದ್ದರೆ ಅದನ್ನು ಅದರ ಮನೆಗೆ ಕಳಿಸಬೇಕು. ಆಮೇಲೆ ಖಾಲಿ ಕ್ರೇಟನ್ನು ವ್ಯಾನಿಗೆ ಹಾಕಿ ಮುಂದಿನ ಅಂಗಡಿಗೆ ಓಟ. ಅಲ್ಲೂ ಇದೇ. ಒಂದು ಬೆಳಗಿಗೆ ಊರಿನ ಅರ್ಧ ಭಾಗವನ್ನು ಅತ್ತಿಗೆ ನಡೆದು ಮುಗಿಸುತ್ತಾರೆ. ಆ ಸುತ್ತಿಗೆ ಅವರ ಭಾಷೆಯಲ್ಲಿ ಬೀಟು ಅನ್ನುತ್ತಾರೆ.

ಅವರ ಬೀಟಿನ ಅಂಗಡಿಗಳಲ್ಲಿ ನಮ್ಮದೂ ಒಂದು. ನಮ್ಮದು ಅಂದರೆ ಮಾಲೀಕರದು, ನಾನು ಅಲ್ಲಿ ಬಿಲ್ಲಿನ ಕೌಂಟರಿನಲ್ಲಿ ಕೂರುವವಳು. ನನ್ನ ಕುರ್ಚಿಯ ಎದುರಿಗೇ ಬ್ರೆಡ್ಡಿನ ರ್‍ಯಾಕು. ಹಾಗಾಗಿ ಅತ್ತಿಗೆಯನ್ನು ಮನೆಯಲ್ಲಿ ನೋಡುವುದಲ್ಲದೆ ಇಲ್ಲೂ ನೋಡುವ ಭಾಗ್ಯ ನನ್ನದು. ನಮ್ಮ ಅಂಗಡಿಯವರು ಅವರಿಗೆ ಚಕ್ರ ಎಂದು ಹೆಸರಿಟ್ಟಿದ್ದಾರೆ, ಕಾಲಿಗೆ ಚಕ್ರ ಕಟ್ಟಿಕೊಂಡವರು ಎಂದು. "ಚಕ್ರ ಬಂತು, ದಾರಿ ಬಿಡ್ರಪ್ಪ" ಅನ್ನುತ್ತಾರೆ. ಅತ್ತಿಗೆಗೆ ಅದನ್ನು ಕೇಳಿಸಿಕೊಂಡು ಸಿಟ್ಟಾಗುವಷ್ಟು ಪುರುಸೊತ್ತಿಲ್ಲ.

ಕಾಲು ನಿಂತರೂ ಕೈ ನಿಲ್ಲುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅಲ್ಲಿನ ಹಳೇ ಪತ್ರಿಕೆಗಳನ್ನು ತಿಂಗಳ ಪ್ರಕಾರ ಜೋಡಿಸಿಟ್ಟರು. ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪಿನ ಬಾಟಲಿ ತಿರುಗಿಸಲು ಹೋಗಿ ಬೈಸಿಕೊಂಡರು. ಪಕ್ಕದ ಬೀದಿಯ ಸಾವಿನ ಮನೆಗೆ ಹೋದಾಗ ಒಳಗೆ ಎಲ್ಲರೂ ಅಳುತ್ತಿದ್ದರೆ ಇವರು ಹೊರಗೆ ನಿಂತು ಬಂದವರ ಚಪ್ಪಲಿಗಳನ್ನು ಸಾಲಾಗಿ, ಚಿಕ್ಕವು ಮುಂದೆ ದೊಡ್ಡವು ಹಿಂದೆ, ಇಡುತ್ತಿದ್ದರು. ನನಗೆ ನಾಚಿಕೆಯಿಂದ ನೆಲಕ್ಕೆ ಇಳಿದು ಹೋಗುವ ಹಾಗಾಯಿತು. ಆಮೇಲೆ ನೋಡಿದರೆ ಅವತ್ತು ಯಾರ ಚಪ್ಪಲಿಯೂ ಅದಲು ಬದಲಾಗಲಿಲ್ಲ ಎಂದು ಸತ್ತವರ ಮಗನೇ ಹೊಗಳಿದ. ಹೊಗಳಿದ್ದನ್ನು ಅತ್ತಿಗೆಗೆ ಹೇಳಲಿಲ್ಲ. ಹೇಳಿದರೆ ಉಳಿದ ಸಾವಿನ ಮನೆಗಳಿಗೂ ಹೊರಟಾರು.

ಇಂಥವರಿಗೆ ಲೋಕದಲ್ಲಿ ಒಬ್ಬ ಶತ್ರು ಇದ್ದರು. ನಾವು ತೋಡೋ ತಾತ ಅನ್ನುತ್ತಿದ್ದ ಗಿರಾಕಿ.

ತಾತ ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕೋಲಿನಂಥ ಮೈ, ಉದ್ದನೆಯ ಬೆರಳು. ಪ್ರತಿ ಗುರುವಾರ ಬಂದು ಒಂದು ಬ್ರೆಡ್ಡು ಒಯ್ಯುತ್ತಾರೆ. ಆ ಒಂದು ಬ್ರೆಡ್ಡಿಗೆ ಅವರು ಮಾಡುವ ಅವಾಂತರ ಅಷ್ಟಿಷ್ಟಲ್ಲ. ಮುಂದಿರುವುದನ್ನು ಮುಟ್ಟುವುದಿಲ್ಲ. ಕೋಟಿನ ತೋಳು ಮೇಲಕ್ಕೆ ಸರಿಸಿ, ರ್‍ಯಾಕಿನೊಳಗೆ ಭುಜದವರೆಗೂ ಕೈ ಇಳಿಸಿ, ಕಣ್ಣು ಮುಚ್ಚಿಕೊಂಡು ತಡಕಿ, ಎಲ್ಲಕ್ಕಿಂತ ಹಿಂದೆ ಬೆಚ್ಚಗೆ ಕೂತಿರುವ ಹೊಸದನ್ನು ಎಳೆದು ತರುತ್ತಾರೆ. ಆ ಎಳೆತಕ್ಕೆ ಅತ್ತಿಗೆ ಅಷ್ಟು ಹೊತ್ತು ಜೋಡಿಸಿದ ಸಾಲೆಲ್ಲ ಮುಗ್ಗರಿಸುತ್ತದೆ.

"ತಾತ, ಮುಂದಿರೋದು ತಗೊಳ್ಳಿ."

"ಮುಂದಿರೋದು ಮೊನ್ನೇದು."

"ಮೊನ್ನೇದಾದ್ರೂ ಚೆನ್ನಾಗೇ ಇದೆ. ತಾರೀಕು ಮುಗಿದಿಲ್ಲ."

"ಚೆನ್ನಾಗಿದ್ರೆ ನೀನೇ ತಿನ್ನಮ್ಮ."

"ನಾವು ಅದನ್ನೇ ತಿನ್ನೋದು!"

ಈ ಮಾತಿಗೆ ಸಾಕ್ಷಿ ಹೇಳಲು ನನ್ನ ಬಾಯಿ ತುರಿಸುತ್ತಿತ್ತು, ಆದರೆ ಗಿರಾಕಿಯ ಮುಂದೆ ಬಾಯಿಗೆ ಬೀಗ. ಕೆಲವು ಗುರುವಾರ ತಾತ ಗೆಲ್ಲುತ್ತಿದ್ದರು. ಎಷ್ಟೋ ಗುರುವಾರ ಅತ್ತಿಗೆ ಮೊದಲೇ ಹೊಸದನ್ನೆಲ್ಲ ಕೆಳಗಿನ ಹಲಗೆಯ ಮೂಲೆಗೆ ತುಂಬಿ ಗೆಲ್ಲುತ್ತಿದ್ದರು, ತಾತನ ಬೆನ್ನು ಅಷ್ಟು ಬಗ್ಗುವುದಿಲ್ಲ ಎಂದು ಅವರಿಗೆ ಗೊತ್ತು. ಅವತ್ತು ಮೊನ್ನೆಯದನ್ನು ಎತ್ತಿಕೊಂಡು ಕೌಂಟರಿಗೆ ಬರುವ ತಾತನ ಮುಖ ನೋಡಬೇಕಿತ್ತು. ಯಾರೋ ಅವರ ಜೇಬಿಗೆ ಕೈ ಹಾಕಿದ ಹಾಗೆ ಇರುತ್ತಿತ್ತು.

ಅತ್ತಿಗೆ ಹುಟ್ಟಿದಾಗಿನಿಂದ ಹೀಗೆ ಎಂದು ಯಾರೂ ತಿಳಿಯಬಾರದು. ಮದುವೆಯಾಗಿ ಬಂದಾಗ ನಿಧಾನದ ಹೆಂಗಸು, ಒಂದು ಲೋಟ ಕಾಫಿಯನ್ನು ಅರ್ಧ ಗಂಟೆ ಕುಡಿಯುತ್ತಿದ್ದರು. ಆಮೇಲೆ ನನ್ನ ಅಮ್ಮ ಬಿದ್ದರು. ಬಲಗಡೆಯ ಮೈ ಹೋಯಿತು, ಮಾತು ಹೋಯಿತು. ಒಳಕೋಣೆಯಲ್ಲಿ ಮಂಚ, ಮಂಚದ ಪಕ್ಕ ಕೈಯಿರುವ ಒಂದು ಮರದ ಕುರ್ಚಿ. ಅಣ್ಣ ಕೆಲಸಕ್ಕೆ ಹೋಗಬೇಕು, ನಾನು ಅಂಗಡಿಗೆ ಬರಬೇಕು. ಕುರ್ಚಿಯಲ್ಲಿ ಕೂತವರು ಅತ್ತಿಗೆ. ಅಮ್ಮನಿಗೆ ಅವರು ಕಣ್ಣ ಮುಂದೆಯೇ ಇರಬೇಕು. ನೀರು ತರಲು ಎದ್ದರೂ ಗಂಟಲಿನಿಂದ ಒಂದು ಥರ ಕೂಗು ಹೊರಡುತ್ತಿತ್ತು, ಅದನ್ನು ಕೇಳಿ ಅತ್ತಿಗೆ ಎದ್ದಷ್ಟೇ ಬೇಗ ಕೂರುತ್ತಿದ್ದರು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಬಿಟ್ಟರೆ ಅಮ್ಮನಿಗೆ ಇನ್ನೇನೂ ಇಳಿಯುತ್ತಿರಲಿಲ್ಲ. ಅದನ್ನು ಚೂರುಚೂರೇ ತಿನ್ನಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು, ಮತ್ತೆ ಕೂರುವುದು. ವರ್ಷಗಟ್ಟಲೆ ಇದೇ. ಸಂಜೆ ನಾನು ಮನೆಗೆ ಬಂದರೆ ಬೆಳಿಗ್ಗೆ ಬಿಟ್ಟು ಹೋದ ಜಾಗದಲ್ಲಿ, ಬಿಟ್ಟು ಹೋದ ಭಂಗಿಯಲ್ಲೇ ಇರುತ್ತಿದ್ದರು.

ಅಮ್ಮ ತೀರಿಕೊಂಡ ಮೇಲೆ ಅತ್ತಿಗೆ ಮೊದಲು ಮಾಡಿದ ಕೆಲಸ ಆ ಕುರ್ಚಿಯನ್ನು ಅಟ್ಟಕ್ಕೆ ಹಾಕಿಸಿದ್ದು. ಬ್ರೆಡ್ ಕಂಪನಿಗೆ ಓಡಾಡುವ ಜನ ಬೇಕಂತೆ ಎಂದು ನಾನೇ ಬಂದು ಹೇಳಿದೆ. ಮಾರನೇ ದಿನವೇ ಹೋಗಿ ಸೇರಿದರು. ಅವತ್ತಿನಿಂದ ಅತ್ತಿಗೆ ಊಟವನ್ನೂ ನಿಂತುಕೊಂಡೇ ಮಾಡುತ್ತಾರೆ, ಅಡುಗೆ ಕಟ್ಟೆಗೆ ಸೊಂಟ ಆನಿಸಿ.

ಈ ವರ್ಷ ಕಂಪನಿಯವರಿಗೆ ಬುದ್ಧಿ ಬಂತೋ, ಇದ್ದದ್ದು ಹೋಯಿತೋ, ಎರಡು ಬೀಟುಗಳನ್ನು ಸೇರಿಸಿ ಒಂದು ಮಾಡುತ್ತೇವೆ ಅಂದರು. ಒಂದು ಬೀಟು ಅತ್ತಿಗೆಯದು, ಇನ್ನೊಂದು ಬೈಕಿನಲ್ಲಿ ಓಡಾಡುವ ಒಬ್ಬನದು. ಇಬ್ಬರಲ್ಲಿ ಒಬ್ಬರಿಗೆ ಬೀಟು. ಇನ್ನೊಬ್ಬರಿಗೆ ಗೋಡೌನಿನಲ್ಲಿ ಕೆಲಸ. ಫ್ಯಾನಿನ ಕೆಳಗೆ ಕುರ್ಚಿ, ಎದುರಿಗೆ ಫೋನು, ಅಂಗಡಿಯವರು ನಾಳೆಗೆ ಎಷ್ಟು ಬೇಕು ಎಂದು ಹೇಳಿದ್ದನ್ನು ಬರೆದುಕೊಳ್ಳುವುದು. ಸಂಬಳ ಅದೇ.

ಕೇಳಿದವರೆಲ್ಲ ಕುಣಿದರು. "ಬಿಸಿಲಿಲ್ಲ, ಮಳೆಯಿಲ್ಲ, ಅದೃಷ್ಟ ಮಾಡಿದ್ದೆ!" ಅಂದ ಅಣ್ಣ. ಅತ್ತಿಗೆಯ ಮಂಡಿ ಸವೆದಿರುವುದು ನಿಜ, ಮೆಟ್ಟಿಲು ಇಳಿಯುವಾಗ ಟಕ್ ಟಕ್ ಅನ್ನುತ್ತದೆ. "ಕಣ್ಣು ಮುಚ್ಚಿಕೊಂಡು ಕುರ್ಚಿ ತಗೊಳ್ಳಿ ಅತ್ತಿಗೆ," ಎಂದು ನಾನೂ ದನಿಗೂಡಿಸಿದೆ. ಅವರು ಆ ವಾರವೆಲ್ಲ ಮನೆಯ ಸಾಮಾನುಗಳ ಮೇಲೆ ಬಿದ್ದರು. ಕಪಾಟು ಖಾಲಿ ಮಾಡಿ ತುಂಬಿದರು, ತುಂಬಿದ್ದನ್ನು ಮತ್ತೆ ಖಾಲಿ ಮಾಡಿದರು. ಉಪ್ಪು ಎಲ್ಲಿ, ಸಕ್ಕರೆ ಎಲ್ಲಿ ಎಂದು ದಿನಾ ಹುಡುಕಿ ನನ್ನ ತಲೆ ಚಿಟ್ಟು ಹಿಡಿಯಿತು. "ಸೂಪರ್‌ವೈಸರ್ ಗುರುವಾರ ಬೆಳಿಗ್ಗೆ ಫೋನ್ ಮಾಡ್ತಾರಂತೆ," ಎಂದಷ್ಟೇ ಬುಧವಾರ ಹೇಳಿದರು.

ಗುರುವಾರ ಬಂತು. ಅವತ್ತೇ ವ್ಯಾನು ತಡ ಮಾಡಬೇಕೇ! ಅತ್ತಿಗೆ ನಮ್ಮ ಅಂಗಡಿಗೆ ಬಂದು ನಿಂತರೆ ಜೋಡಿಸಲು ಕ್ರೇಟೇ ಇಲ್ಲ. ಏಪ್ರನ್ನಿನ ಜೇಬಿನಿಂದ ಫೋನು ತೆಗೆದು ನೋಡಿದರು, ಒಳಗಿಟ್ಟರು. ಬಾಗಿಲವರೆಗೆ ಹೋದರು, ಬಂದರು. ಮತ್ತೆ ಫೋನು ತೆಗೆದರು. ನಮ್ಮ ಮಾಲೀಕರಿಗೆ ಅಂಗಡಿಯೊಳಗೆ ಫೋನು ಕಿರುಚಿದರೆ ಮೈಯೆಲ್ಲಾ ಉರಿ, ಅದಕ್ಕೆ ನಾವೆಲ್ಲ ಬರೀ ನಡುಗುವ ಹಾಗೆ ಮಾಡಿಟ್ಟುಕೊಂಡಿರುತ್ತೇವೆ. ನಡುಕ ತಿಳಿಯದೇ ಹೋದರೆ ಎಂಬ ಭಯ ಅತ್ತಿಗೆಗೆ. ಫೋನನ್ನು ಅಂಗೈಯಲ್ಲೇ ಒತ್ತಿ ಹಿಡಿದುಕೊಂಡು ಕಾಲು ಸುಟ್ಟ ಬೆಕ್ಕಿನ ಹಾಗೆ ಸುತ್ತಿದರು. ಸುತ್ತುತ್ತಲೇ ಇನ್ನೊಂದು ಕೈಯಲ್ಲಿ ಬೇರೆ ಕಂಪನಿಯ ರಸ್ಕಿನ ಪೊಟ್ಟಣಗಳನ್ನು ನೆಟ್ಟಗೆ ಮಾಡತೊಡಗಿದರು.

"ಅತ್ತಿಗೆ, ಅದು ನಿಮ್ಮ ಕಂಪನೀದಲ್ಲ."

"ಗೊತ್ತು. ವಾರೆ ನಿಂತಿದೆ, ನೋಡಕ್ಕಾಗ್ತಿಲ್ಲ."

"ಒಂದು ನಿಮಿಷ ಸುಮ್ನೆ ನಿಂತ್ಕೊಳ್ಳಿ. ನಿಮ್ಮನ್ನ ನೋಡಿ ನನಗೆ ತಲೆ ಸುತ್ತುತ್ತೆ. ಕುರ್ಚಿ ಸಿಕ್ಕಿದ್ರೆ ಒಳ್ಳೇದೇ ಅಲ್ವಾ? ಬೀಟು ಸಿಕ್ಕಿದ್ರೂ ಸರಿ. ಎರಡರಲ್ಲಿ ಯಾವುದಾದ್ರೂ ಏನಂತೆ?"

ಅತ್ತಿಗೆ ಕೌಂಟರಿನ ಹತ್ತಿರ ಬಂದರು. ಅವರ ಮೇಲ್ತುಟಿಯಲ್ಲಿ ಬೆವರಿತ್ತು.

"ಏನಂತೆ ಅಂತೀಯಲ್ಲ. ಅತ್ತೆ ಮಂಚದ ಪಕ್ಕ ಕೂತಿದ್ದೆ. ಬೇಜಾರಿಂದ ಕೂರಲಿಲ್ಲ, ಅವರು ನನ್ನ ಕೈ ಬಿಡ್ತಿರಲಿಲ್ಲ, ನನಗೂ ಬಿಡಿಸ್ಕೊಳ್ಳೋಕೆ ಮನಸ್ಸು ಬರ್ತಿರಲಿಲ್ಲ. ಆದ್ರೆ ಕಿಟಕೀಲಿ ಎದುರುಮನೆ ಗೋಡೆ ಒಂದೇ ಕಾಣೋದು ಕಣೇ. ಆ ಗೋಡೇಲಿ ಬಿರುಕು ಎಲ್ಲೆಲ್ಲಿದೆ ಅಂತ ಈಗ್ಲೂ ಬರೆದು ತೋರಿಸ್ತೀನಿ. ಈಗ ಇನ್ನೊಂದು ಕುರ್ಚಿ, ಎದುರಿಗೆ ಇನ್ನೊಂದು ಗೋಡೆ. ನನ್ನಿಂದ ಆಗಲ್ಲ. ಮಂಡಿ ಹೋದ್ರೆ ಹೋಗ್ಲಿ."

ಅವರು ಕೂತದ್ದು ನನ್ನ ಅಮ್ಮನ ಪಕ್ಕ. ಇಷ್ಟು ವರ್ಷದಲ್ಲಿ ಆ ಗೋಡೆಯ ಮಾತನ್ನು ಒಮ್ಮೆಯೂ ಆಡಿದವರಲ್ಲ. ಏನಾದರೂ ಹೇಳೋಣವೆಂದು ಬಾಯಿ ತೆಗೆಯುವಷ್ಟರಲ್ಲಿ ಹೊರಗೆ ವ್ಯಾನಿನ ಹಾರನ್ನು ಕೇಳಿಸಿತು, ಅತ್ತಿಗೆ ಮಾಯ.

ಆಮೇಲಿನದು ಬಿರುಗಾಳಿ. ಎರಡು ಕೈಯೂ ಬೇಕಾದ್ದರಿಂದ ಫೋನನ್ನು ಕಣ್ಣೆದುರಿಗಿನ ಹಲಗೆಯ ಮೇಲೆ, ಕಾಣುವ ಹಾಗೆ ಇಟ್ಟರು. ಇಟ್ಟದ್ದು ನಾನು ನೋಡಲಿಲ್ಲ, ಮುಂದೆ ನಡೆದದ್ದರಿಂದ ಹೇಳುತ್ತಿದ್ದೇನೆ. ಹಳೆಯ ಬ್ರೆಡ್ಡುಗಳನ್ನೆಲ್ಲ ಮುಂದಕ್ಕೆಳೆದರು, ಹೊಸದನ್ನು ಹಿಂದಕ್ಕೆ ತುಂಬಿದರು, ಸಾಲು ಸರಿ ಮಾಡಿದರು. ವ್ಯಾನಿನವನು ತಡವಾಯಿತೆಂದು ಹೊರಗಿನಿಂದ ಬೊಬ್ಬೆ ಹಾಕುತ್ತಿದ್ದ. ಖಾಲಿ ಕ್ರೇಟುಗಳನ್ನು ಅವನಿಗೆ ಕೊಟ್ಟರು, ವ್ಯಾನು ಹೊರಟಿತು. ಅತ್ತಿಗೆ ಜೇಬು ಮುಟ್ಟಿ ನೋಡಿಕೊಂಡರು.

ಜೇಬು ಖಾಲಿ.

"ಫೋನು!"

ಕೌಂಟರಿನ ಮೇಲಿಲ್ಲ. ನೆಲದ ಮೇಲಿಲ್ಲ. ರ್‍ಯಾಕಿನ ಕೆಳಗೆ ಮಲಗಿ ನೋಡಿದರು, ಅಲ್ಲೂ ಇಲ್ಲ. ರ್‍ಯಾಕಿನ ಮೇಲಂತೂ ಸಾಲು ಬಿಟ್ಟು ಏನೂ ಕಾಣುತ್ತಿಲ್ಲ. ಅಷ್ಟು ಚೆನ್ನಾಗಿ ಜೋಡಿಸಿದ್ದರು. ನಾನು ಥಟ್ಟನೆ ನನ್ನ ಫೋನಿನಿಂದ ಅವರ ನಂಬರಿಗೆ ಹಚ್ಚಿದೆ. "ಕಟ್ ಮಾಡೇ! ಅವರು ಮಾಡಿದಾಗ ನಿಂದು ಅಡ್ಡ ಬಂದ್ರೆ?" ಎಂದು ಕಿರುಚಿದರು. ಕಟ್ ಮಾಡಿದೆ.

"ಕ್ರೇಟಿನಲ್ಲಿ ಇಟ್ಟಿರ್ಬೇಕು. ವ್ಯಾನಲ್ಲಿ ಹೋಯ್ತು. ಅಯ್ಯೋ ಕರ್ಮ, ವ್ಯಾನಲ್ಲಿ ಹೋಯ್ತು!" ಅಂದವರೇ ರಸ್ತೆಗೆ ಹಾರಿದರು. ಗಾಜಿನ ಬಾಗಿಲಿನಾಚೆ, ಸವೆದ ಮಂಡಿಯ ಹೆಂಗಸು ವ್ಯಾನಿನ ಹಿಂದೆ ಓಡುವುದು ತಿರುವಿನವರೆಗೂ ಕಾಣಿಸಿತು.

ಅದೇ ಬಾಗಿಲಿನಿಂದ ತೋಡೋ ತಾತ ಒಳಗೆ ಬಂದರು.

ಕೌಂಟರಿನ ಮುಂದೆ ಸಾಲು ಇತ್ತು, ಮಾಲೀಕರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ನಾನು ಬಿಲ್ಲು ಹಾಕುತ್ತಾ ಒಂದು ಕಣ್ಣು ಬಾಗಿಲಿಗೆ, ಒಂದು ಕಣ್ಣು ರ್‍ಯಾಕಿಗೆ ಇಟ್ಟಿದ್ದೆ. ಕಾವಲು ಇಲ್ಲದ್ದನ್ನು ಕಂಡು ತಾತನ ಮುಖ ಅರಳಿತು. ನಿಧಾನವಾಗಿ ತೋಳು ಸರಿಸಿದರು. ಕೈ ಇಳಿಸಿದರು. ಮೊಣಕೈ ಹೋಯಿತು, ಭುಜ ಹೋಯಿತು, ಕಣ್ಣು ಮುಚ್ಚಿದರು. ಇದ್ದಕ್ಕಿದ್ದ ಹಾಗೆ ಕಣ್ಣು ಅಗಲವಾಗಿ ತೆರೆಯಿತು, ಇಲಿಯನ್ನು ಮುಟ್ಟಿದವರ ಹಾಗೆ. ಆದರೂ ಕೈ ಬಿಡಲಿಲ್ಲ, ಗಡಿಯಾರದವರ ಕೈ ಅದು. ಹೊರಗೆ ಬಂದದ್ದು ಗಡಗಡ ನಡುಗುತ್ತಿದ್ದ ಅತ್ತಿಗೆಯ ಫೋನು.

ನಾನು "ತಾತಾ!" ಎಂದು ಕೂಗುವಷ್ಟರಲ್ಲಿ ಅವರು ಅದನ್ನು ಕಿವಿಗೆ ಇಟ್ಟಾಗಿತ್ತು. ತಾತನಿಗೆ ಕಿವಿ ಸ್ವಲ್ಪ ಮಂದ. ಅವರು ಮಾತಾಡಿದರೆ ಅಂಗಡಿಗೆಲ್ಲ ಕೇಳಿಸುತ್ತದೆ.

"ಹಲೋ! ಯಾರು? ... ಇಲ್ಲಪ್ಪ, ನಾನು ಗಿರಾಕಿ. ಫೋನು ಬ್ರೆಡ್ಡೊಳಗಿತ್ತು. ... ಯಾರು ನೀವು? ಸೂಪರ್‌ವೈಸರಾ? ಬ್ರೆಡ್ ಕಂಪನೀನಾ? ಒಳ್ಳೇದೇ ಆಯ್ತು ಬಿಡಿ, ನಿಮ್ಮನ್ನೇ ಹುಡುಕ್ತಾ ಇದ್ದೆ!"

ಬೇಡ ಬೇಡ ಎಂದು ನಾನು ಕೈ ಆಡಿಸಿದೆ, ತಾತ ಈ ಕಡೆ ನೋಡಲೇ ಇಲ್ಲ.

"ಆ ಹೆಂಗಸನ್ನ ಇಲ್ಲಿಂದ ತೆಗೀರಿ ಮೊದಲು. ಯಾರು ಅಂದ್ರೆ? ಅದೇ, ಓಡಾಡ್ತಾನೇ ಇರುತ್ತಲ್ಲ ಆಯಮ್ಮ. ಅವಳು ಬಂದ ಮೇಲೆ ನನಗೆ ನೆಮ್ಮದಿಯಾಗಿ ಒಂದು ಹೊಸ ಬ್ರೆಡ್ಡು ಸಿಕ್ಕಿಲ್ಲ. ಅಲ್ಲಿ ಕೈಯಿಟ್ಟರೆ ಅಲ್ಲಿ, ಇಲ್ಲಿ ಕೈಯಿಟ್ಟರೆ ಇಲ್ಲಿ, ಹಳೇದು ಮುಗಿಯೋ ತನಕ ಹೊಸದರ ಮೇಲೆ ಹಾವಿನ ಹಾಗೆ ಕಾಯ್ತಾಳೆ. ಬಿಸಿಲಿಲ್ಲ, ಮಳೆಯಿಲ್ಲ, ಒಂದು ಗುರುವಾರ ತಪ್ಪಿಸಲ್ಲ. ಜ್ವರ ಬಂದು ಮಲಗ್ತಾಳೇನೋ ಅಂತ ನಾನೂ ಕಾಯ್ತಾನೇ ಇದೀನಿ, ಜ್ವರಾನೂ ಬರಲ್ಲ ಅವಳಿಗೆ!"

ಸಾಲಿನಲ್ಲಿದ್ದವರು ನಗತೊಡಗಿದರು. ನನಗೆ ನಗು ಎಲ್ಲಿ ಬರಬೇಕು? ಕೈಯಲ್ಲಿದ್ದ ಸೋಪಿಗೆ ಎರಡು ಸಲ ಬಿಲ್ಲು ಹಾಕಿದೆ. ತಾತನ ದನಿ ಒಂದು ಮೆಟ್ಟಿಲು ಇಳಿಯಿತು.

"ನಾನು ಒಬ್ಬನೇ ಇರೋನಪ್ಪ. ಒಂದು ಬ್ರೆಡ್ಡು ನನಗೆ ವಾರ ಪೂರ್ತಿ ಬರುತ್ತೆ. ಮೊನ್ನೇದು ತಗೊಂಡು ಹೋದ್ರೆ ಕೊನೇ ಚೂರುಗಳಿಗೆ ಬೂಷ್ಟು ಹಿಡಿದಿರುತ್ತೆ. ಬೂಷ್ಟು ಕೆರೆದು ತಿಂತೀನಿ. ಏನು, ನನಗೆ ರುಚಿ ಅಂತ ತೋಡ್ತೀನಾ? ... ಹಾಂ. ಹಾಂ. ಅದನ್ನೇ ಹೇಳ್ತಿರೋದು, ಒಂದು ದಿನಾನೂ ಬಿಡಲ್ಲ ಅವಳು. ಬರ್ಕೊಳ್ಳಿ!"

ನಾನು ಕುರ್ಚಿ ಬಿಟ್ಟೆದ್ದೆ. ಮಾಲೀಕರು ಏನೋ ಅಂದರು, ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಹತ್ತಿರ ಹೋಗುವ ಹೊತ್ತಿಗೆ ತಾತ ಫೋನು ಇಟ್ಟಾಗಿತ್ತು.

"ತಗೋಮ್ಮ. ಒಳ್ಳೇ ಮನುಷ್ಯ. ಪೂರ್ತಿ ಕೇಳಿಸ್ಕೊಂಡ," ಎಂದು ನನ್ನ ಕೈಗೆ ಕೊಟ್ಟು, ಮತ್ತೆ ತೋಳು ಸರಿಸಿ ಬ್ರೆಡ್ಡು ತೋಡಲು ಹೋದರು.

ಅತ್ತಿಗೆ ವಾಪಸ್ಸು ಬಂದಾಗ ಅವರ ಜಡೆ ಬಿಚ್ಚಿಹೋಗಿತ್ತು, ಏದುಸಿರು ಬಿಡುತ್ತಿದ್ದರು. "ವ್ಯಾನಲ್ಲಿಲ್ಲ," ಅಂದರು. ನಾನು ಫೋನು ತೋರಿಸಿದೆ, ಎಲ್ಲಿತ್ತು ಎಂದು ಹೇಳಿದೆ. ಫೋನನ್ನು ತಾವೇ ಇಟ್ಟು, ತಾವೇ ಅದರ ಮುಂದೆ ಬ್ರೆಡ್ಡು ಜೋಡಿಸಿದ್ದು ತಿಳಿದು ಹಣೆ ಚಚ್ಚಿಕೊಂಡರು. ಯಾರು ಎತ್ತಿದರು, ಏನು ಹೇಳಿದರು ಎಂದೂ ಹೇಳಲೇಬೇಕಾಯಿತು. ಬೂಷ್ಟಿನ ಮಾತು ಆಗ ಬಾಯಿಗೆ ಬರಲಿಲ್ಲ, ತೆಗೀರಿ ಅಂದದ್ದೇ ಬಂತು.

ಅತ್ತಿಗೆ ತಾತನ ಮುಂದೆ ಹೋಗಿ ನಿಂತರು. ಅವರು ಅಷ್ಟು ಅಲುಗಾಡದೆ ನಿಂತದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

"ನಾನೇನು ಮಾಡಿದ್ದೆ ತಾತ ನಿಮಗೆ? ಒಂದು ಬ್ರೆಡ್ಡಿಗೋಸ್ಕರ ನನ್ನ ಕಾಲು ಕಟ್ಟಿ ಹಾಕಿಸ್ಬಿಟ್ರಲ್ಲ!"

"ನಿನ್ನ ಕಾಲು ಕಟ್ಟಿದ್ರೆ ನನಗೆ ಬ್ರೆಡ್ಡು ಸಿಗುತ್ತೆ," ಅಂದರು ತಾತ. ಅಂದದ್ದು ಗಟ್ಟಿಯಾಗಿಯೇ, ಆದರೆ ಅತ್ತಿಗೆಯ ಕಣ್ಣು ತುಂಬಿದ್ದು ನೋಡಿ ಬಗಲಿನ ಬ್ರೆಡ್ಡನ್ನು ಸುಮ್ಮನೆ ಆ ಬಗಲಿನಿಂದ ಈ ಬಗಲಿಗೆ ಬದಲಿಸಿಕೊಂಡರು.

ಆಗ ನನ್ನ ಕೈಯಲ್ಲಿ ಫೋನು ಮತ್ತೆ ನಡುಗಿತು. ಅತ್ತಿಗೆಗೆ ಚಾಚಿದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ನೀನೇ ಎತ್ತು. ನನ್ನ ಕೈಲಾಗಲ್ಲ."

ಎತ್ತಿದೆ. ಸೂಪರ್‌ವೈಸರ್ ನಗುತ್ತಿದ್ದರು. "ಅಕ್ಕ ಬಂದ್ರಾ? ಏನಿಲ್ಲಮ್ಮ, ಆಗಲೇ ನಾನು ಕುರ್ಚಿ ಅಕ್ಕನಿಗೇ ಅಂತ ಹೇಳೋಕೆ ಮಾಡಿದ್ದೆ. ಅಕ್ಕನಿಗೆ ವಯಸ್ಸಾಯ್ತು, ಕೂತ್ಕೊಳ್ಳಲಿ ಪಾಪ ಅಂತ. ಅಷ್ಟರಲ್ಲಿ ಯಾರೋ ಹಿರಿಯರು ಎತ್ತಿ ನನಗೆ ಸರಿಯಾಗಿ ಮಂಗಳಾರತಿ ಮಾಡಿದ್ರು. ಬೈಕಿನವನ ಅಂಗಡಿಗಳಿಂದ ದಿನಾ ಹಳೇ ಬ್ರೆಡ್ಡು ಕ್ರೇಟುಗಟ್ಟಲೆ ವಾಪಸ್ ಬರುತ್ತೆ, ಅಕ್ಕನ ಅಂಗಡಿಗಳಿಂದ ಬರೋದೇ ಇಲ್ಲ. ಯಾಕೆ ಅಂತ ಇವತ್ತು ಗೊತ್ತಾಯ್ತು. ಗಿರಾಕೀನೇ ಬೈಯೋ ಅಷ್ಟು ಕಾಯ್ತಾರಲ್ಲ, ಅವರನ್ನ ಕೂರಿಸಿದ್ರೆ ನನ್ನ ಕಥೆ ಏನು? ಎರಡೂ ಬೀಟು ಅಕ್ಕನೇ ನೋಡ್ಕೊಳ್ಳಲಿ, ದೂರದ ಅಂಗಡಿಗಳಿಗೆ ವ್ಯಾನಲ್ಲೇ ಹೋಗಲಿ. ಬೈಕಿನವನಿಗೆ ಕುರ್ಚಿ ಅಂದ ತಕ್ಷಣ ಅವನು ಕುಣಿದಾಡ್ತಿದಾನೆ."

ನಾನು ಫೋನು ಇಟ್ಟು ಹೇಳಿದೆ. ಅತ್ತಿಗೆ ರ್‍ಯಾಕಿನ ಕಂಬ ಹಿಡಿದುಕೊಂಡು ಗಳಗಳ ಅತ್ತರು. ಅಳುತ್ತಲೇ ತಾತ ತೋಡಿದ ಸಾಲನ್ನು ಸರಿ ಮಾಡತೊಡಗಿದರು.

"ಏನಂತೆ? ತೆಗೆದ್ರಾ?" ಎಂದು ತಾತ ನನ್ನನ್ನು ಕೇಳಿದರು.

"ಇಲ್ಲ ತಾತ. ನಿಮ್ಮ ದಯೆಯಿಂದ ಇನ್ನು ಮೇಲೂ ಇವರೇ. ನೀವು ಬೈದಿದ್ದು ಅವರಿಗೆ ಬಹಳ ಹಿಡಿಸಿತಂತೆ."

ತಾತ ಬಾಯಿಗೆ ಬಡಿದುಕೊಂಡರು. "ಹಾಳು ಬಾಯಿ ನಂ‍ದು!" ಅಂದರು. ಸಾಲಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು, ಅತ್ತಿಗೆಯೂ ಮೂಗು ಒರೆಸಿಕೊಳ್ಳುತ್ತಾ ನಕ್ಕರು. ತಾತ ಬ್ರೆಡ್ಡಿಗೆ ಬಿಲ್ಲು ಹಾಕಿಸಿಕೊಂಡು, ಯಾರ ಮುಖವನ್ನೂ ನೋಡದೆ ಹೋದರು.

ಸಂಜೆ ಅಡುಗೆ ಕಟ್ಟೆಗೆ ಆನಿಕೊಂಡು ತಿನ್ನುತ್ತಿದ್ದಾಗ ಅತ್ತಿಗೆಗೆ ಬೂಷ್ಟಿನ ಮಾತು ಹೇಳಿದೆ. ಅವರ ಕೈ ತಟ್ಟೆಯಲ್ಲೇ ನಿಂತಿತು.

"ಕೆರೆದು ತಿಂತೀನಿ ಅಂದ್ರಾ?"

"ಹಾಗೇ ಅಂದ್ರು."

"ಥೂ, ನಾನು ಜಿಪುಣತನ ಅಂದ್ಕೊಂಡಿದ್ದೆ. ಹಠ ಅಂದ್ಕೊಂಡಿದ್ದೆ," ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಆದ್ರೆ ಹಳೇದು ಮುಂದೇನೇ ಇಡ್ಬೇಕು. ಅದು ಬಿಡಕ್ಕಾಗಲ್ಲ," ಅಂದರು. ಅಣ್ಣ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ.

ಮುಂದಿನ ಗುರುವಾರ ವ್ಯಾನು ಬರುವ ಮೊದಲೇ ಅತ್ತಿಗೆ ಬಂದರು. ರ್‍ಯಾಕಿನಲ್ಲಿ ಉಳಿದಿದ್ದ ಹಳೆಯ ಬ್ರೆಡ್ಡುಗಳನ್ನು ಒಂದೂ ಬಿಡದೆ ತಬ್ಬಿಕೊಂಡು ಬಂದು ನನ್ನ ಮುಂದೆ ಸುರಿದರು.

"ಬಿಲ್ ಹಾಕು."

"ಇಷ್ಟೂನಾ? ಯಾರು ತಿಂತಾರೆ?"

"ನಾವು ಮೂರು ಜನ ಇಲ್ವಾ? ಹಾಕು ಬೇಗ."

ಬ್ರೆಡ್ಡುಗಳು ಅವರ ಚೀಲಕ್ಕೆ ಹೋದವು. ಕ್ರೇಟು ಬಂತು, ಖಾಲಿ ರ್‍ಯಾಕಿಗೆ ಹೊಸ ಬ್ರೆಡ್ಡು ಏರಿತು, ಮುಂದಿನಿಂದ ಗೋಡೆಯವರೆಗೂ ಇವತ್ತಿನದೇ. ಕೆಲಸ ಮುಗಿದರೂ ಅತ್ತಿಗೆ ಹೊರಡಲಿಲ್ಲ. ರಸ್ಕಿನ ಸಾಲಿನ ಹತ್ತಿರ ಏನೋ ಹುಡುಕುವವರ ಹಾಗೆ ನಿಂತರು.

ತಾತ ಬಂದರು. ಅತ್ತಿಗೆಯನ್ನು ಕಂಡು ಮುಖ ಗಂಟಿಕ್ಕಿದರು, ಆದರೂ ತೋಳು ಸರಿಸಿ ಭುಜದವರೆಗೆ ಕೈ ಇಳಿಸಿದರು. ಹಿಂದಿನದನ್ನು ಎಳೆದು ತಾರೀಕು ನೋಡಿದರು. ಮುಂದಿನದರ ತಾರೀಕು ನೋಡಿದರು. ಕನ್ನಡಕ ಒರೆಸಿಕೊಂಡು ಎರಡನ್ನೂ ಮತ್ತೆ ನೋಡಿದರು.

"ಏನಮ್ಮ ಇದು? ಹಿಂದೆ ಮುಂದೆ ಎಲ್ಲಾ ಒಂದೇ ಇದೆ?"

"ಹಳೇದು ಖರ್ಚಾಯ್ತು ತಾತ. ಅಷ್ಟೇ."

ತಾತನ ಕಣ್ಣು ಅತ್ತಿಗೆಯ ಚೀಲದ ಮೇಲೆ ಹೋಯಿತು. ಅದರ ಬಾಯಿಯಿಂದ ಮೊನ್ನೆಯ ಬ್ರೆಡ್ಡಿನ ತಲೆ ಇಣುಕುತ್ತಿತ್ತು.

"ನಿಮ್ಮನೇಲಿ ಜನ ಜಾಸ್ತೀನಾ?"

"ಜಾಸ್ತಿ ತಾತ. ಎಲ್ಲಾ ಹಲ್ಲು ಗಟ್ಟಿ ಇರೋರು."

ತಾತ ಹಿಂದಿನದನ್ನು ಅದರ ಜಾಗದಲ್ಲಿಟ್ಟರು. ಸಾಲು ಸ್ವಲ್ಪ ವಾರೆಯಾಗಿತ್ತು, ಅದನ್ನು ಆ ಉದ್ದನೆಯ ಬೆರಳಿನಿಂದ ನೆಟ್ಟಗೆ ಮಾಡಿದರು. ಆಮೇಲೆ ಮುಂದಿನದನ್ನು ಎತ್ತಿಕೊಂಡರು. ಅತ್ತಿಗೆ ಆಗಲೇ ಬಾಗಿಲು ದಾಟಿ ರಸ್ತೆಯಲ್ಲಿದ್ದರು.

ತಾತನ ಬ್ರೆಡ್ಡನ್ನು ನಾನೇ ಚೀಲಕ್ಕೆ ಹಾಕಿದೆ. ಬೆರಳು ತಾಗಿದಲ್ಲಿ ಮೆತ್ತಗೆ ಕುಸಿಯಿತು, ಇನ್ನೂ ಬೆಚ್ಚಗಿತ್ತು. ಅಷ್ಟು ಮೆತ್ತನೆಯ ಬ್ರೆಡ್ಡು ನಮ್ಮ ಮನೆಗೂ ಬರುತ್ತಿದ್ದ ಕಾಲ ಒಂದಿತ್ತು. ಆ ಕುರ್ಚಿಯಲ್ಲಿ ಕೂತು ಅತ್ತಿಗೆ ಅದರ ಒಳಗಿನ ಬಿಳಿಯನ್ನೆಲ್ಲ ಹಾಲಿನಲ್ಲಿ ನೆನೆಸಿ ಅಮ್ಮನಿಗೆ ತಿನ್ನಿಸುತ್ತಿದ್ದರು, ಸುತ್ತಲಿನ ಗಟ್ಟಿ ಅಂಚನ್ನು ತಾವು ತಿನ್ನುತ್ತಿದ್ದರು. ಅಂಚೆಂದರೆ ಅವರಿಗೆ ಇಷ್ಟವೇನೋ ಎಂದು ನಾನು ತಿಳಿದುಕೊಂಡಿದ್ದೆ.

ಅವತ್ತು ರಾತ್ರಿ ಅಣ್ಣ ಕಪಾಟು ತೆಗೆದು, ಇದೇನು ಸುಡುಗಾಡು ಇಷ್ಟೊಂದು ಹಳೇ ಬ್ರೆಡ್ಡು ಎಂದು ಗೊಣಗಿದ. ನಾನು ಎದ್ದು ಹೋಗಿ ಮುಂದಿದ್ದುದನ್ನೇ ಎತ್ತಿಕೊಂಡು ತಿಂದೆ.